ಹನ್ನೊಂದು ನಿಮಿಷದ ಅಳಿವೆ

ಬಿದ್ದದ್ದು ಸ್ಟೇಜಿನ ಮೇಲೆ.

ಚಪ್ಪಾಳೆ ಬಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ. ಕುಂದಾಪುರದ ಹತ್ತಿರ ಒಂದು ಕಲ್ಯಾಣ ಮಂಟಪ. ಎರಡನೇ ಪಂಕ್ತಿ ಊಟಕ್ಕೆ ಕೂತಿತ್ತು, ಮೊದಲನೇ ಪಂಕ್ತಿಯವರು ಕೈ ಒರೆಸಿಕೊಳ್ಳುತ್ತಾ ಕುರ್ಚಿ ಹುಡುಕುತ್ತಿದ್ದರು. ನಾನು ಮಿಮಿಕ್ರಿ ಮಾಡುವವನು. ಹೆಸರು ರಘು, ವಯಸ್ಸು ಇಪ್ಪತ್ತಾರು. ಮದುವೆ, ಮೆಹಂದಿ, ಶಾಲೆಯ ವಾರ್ಷಿಕೋತ್ಸವ, ಕ್ರಿಕೆಟ್ ಟೂರ್ನಮೆಂಟಿನ ಉದ್ಘಾಟನೆ, ಯಾರು ಕರೆದರೂ ಹೋಗುತ್ತೇನೆ. ಕರೆಯದೆಯೂ ಒಂದೆರಡು ಕಡೆ ಹೋಗಿದ್ದುಂಟು. ನಲವತ್ತು ಜನರ ಸ್ವರ ನನ್ನ ಗಂಟಲಲ್ಲಿ ಬಾಡಿಗೆಗಿದೆ. ಮೂಗಿನಲ್ಲೇ ಪಾಠ ಮಾಡುತ್ತಿದ್ದ ಹೆಡ್ಮಾಸ್ಟರು, ಹೆಮ್ಮಾಡಿ ಬಸ್ಸಿನ ಕಂಡಕ್ಟರು, ಎದುರಿಗೆ ಕೂತ ಮದುಮಗನ ಸೋದರಮಾವ. ಯಾರನ್ನೇ ಆಗಲಿ ಐದು ನಿಮಿಷ ಕೇಳಿಸಿಕೊಂಡರೆ ಸಾಕು.

ಅವತ್ತು ಕೊನೆಯ ಐಟಂ ನಡೆಯುತ್ತಿತ್ತು. ದೋಣಿಯ ಇಂಜಿನ್ ಸದ್ದು ಮಾಡುತ್ತಿದ್ದೆ. ಆ ಇಂಜಿನ್ ಒಂದೆರಡು ಸಲ ಕೆಮ್ಮಿ, ತಟಕ್ಕನೆ ನಿಲ್ಲಬೇಕು. ನಿಲ್ಲಿಸುವ ಸದ್ದೇ ಕಷ್ಟದ್ದು. ಮಾಡುವುದು ಬಾಯಿ, ನಿಲ್ಲಿಸುವುದು ಹೊಟ್ಟೆ. ಕೆಮ್ಮಿದೆ. ನಿಲ್ಲಿಸಿದೆ. ಮಂಟಪದ ಲೈಟುಗಳು ದೂರ ದೂರ ಹೋದವು. ಮೈಕ್ ಸಮೇತ ಬಿದ್ದೆ.

ಜನ ಚಪ್ಪಾಳೆ ತಟ್ಟಿದರು. ನನ್ನ ಜೊತೆ ಕೀಬೋರ್ಡ್ ನುಡಿಸುವ ದಿನೇಶ ಇದೂ ಐಟಮ್ಮಿನ ಹೊಸ ಭಾಗ ಎಂದುಕೊಂಡು ಒಂದು ‘ಢಂ’ ಬಾರಿಸಿದ. ಆಮೇಲೆ ಹೇಳಿದ, ‘ಟೈಮಿಂಗ್ ಸಮಾ ಇತ್ತ್ ಮಾರಾಯ, ಅದ್ಕೇ ಡೌಟ್ ಬರ್ಲಿಲ್ಲೆ.’

ಈಗ ಆ ಐಟಂ ಯಾವುದು ಎಂದು ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನದಿ ಸಮುದ್ರ ಸೇರುವ ಬಾಯಿಗೆ ನಮ್ಮಲ್ಲಿ ಅಳಿವೆ ಎನ್ನುತ್ತೇವೆ. ದೋಣಿಯವರಿಗೆ ಸಮುದ್ರಕ್ಕಿಂತ ಅದರ ಬಾಗಿಲಿನ ಭಯವೇ ಹೆಚ್ಚು. ನಾನು ಸ್ಟೇಜಿನಲ್ಲಿ ಬೀಳುವ ಹಿಂದಿನ ವರ್ಷದ ಆಗಸ್ಟಿನಲ್ಲಿ, ಬೆಳಗಿನ ಮಬ್ಬಿನಲ್ಲಿ, ನಮ್ಮ ದೋಣಿ ಅಳಿವೆಯಲ್ಲಿ ಮಗುಚಿತು. ದೋಣಿ ನನ್ನ ಅಪ್ಪಯ್ಯನ ತಮ್ಮ ಶೀನ ಚಿಕ್ಕಪ್ಪನದು. ಅಪ್ಪಯ್ಯ ಮುಂಬೈಯಲ್ಲಿ ಹೋಟೆಲಿನಲ್ಲಿ ಇರುವುದರಿಂದ, ನನಗೆ ಈಜು ಕಲಿಸಿದ್ದು, ಬಲೆ ಎಳೆಯುವುದು ಕಲಿಸಿದ್ದು, ಹೊಡೆದದ್ದು, ಎಲ್ಲ ಚಿಕ್ಕಪ್ಪನೇ. ಅವತ್ತು ದೋಣಿಯಲ್ಲಿ ನಾಲ್ಕು ಜನ ಇದ್ದೆವು. ಇಂಜಿನ್ ನಿಂತಿತು, ಅಡ್ಡ ತೆರೆ ಬಂತು. ಇಬ್ಬರು ಈಜಿ ದಡ ಸೇರಿದರು. ನಾನೊಂದು ಖಾಲಿ ಪ್ಲಾಸ್ಟಿಕ್ ಕ್ಯಾನ್ ತಬ್ಬಿಕೊಂಡು ತೇಲಿದೆ. ಚಿಕ್ಕಪ್ಪ ಬದುಕಿದರು, ಬಲ ಹೆಗಲು ಮುರಿಯಿತು. ಈಗಲೂ ಆ ಕೈ ಎದೆಯ ಮಟ್ಟದಿಂದ ಮೇಲೆ ಏಳುವುದಿಲ್ಲ. ದೋಣಿಗೆ ಹೋಗುವುದನ್ನು ಬಿಟ್ಟು, ದಡದ ಶೆಡ್ಡಿನಲ್ಲಿ ಕೂತು ಬಲೆ ರಿಪೇರಿ ಮಾಡುತ್ತಾರೆ.

ಯಾರೂ ಸಾಯಲಿಲ್ಲ. ಅದಕ್ಕೇ ಅದನ್ನು ಕಾಮಿಡಿ ಮಾಡಬಹುದು ಎಂದುಕೊಂಡೆ.

ನವೆಂಬರಿಗೆ ಐಟಂ ರೆಡಿಯಾಯಿತು. ಹನ್ನೊಂದು ನಿಮಿಷ. ಇಂಜಿನ್, ತೆರೆ, ದಡದಲ್ಲಿ ಬುಟ್ಟಿ ಹಿಡಿದು ‘ಅಯ್ಯಯ್ಯೋ, ಮೀನ್ ಹೋಯ್ತ್’ ಎನ್ನುವ ಹೆಂಗಸರು, ಉದ್ಘಾಟನೆ ಎಂದುಕೊಂಡು ಬಂದು ರಿಬ್ಬನ್ ಹುಡುಕುವ ಪುಢಾರಿ, ‘ಹೇಗನಿಸ್ತಿದೆ ನಿಮಗೆ’ ಎಂದು ನೀರು ಕುಡಿಯುತ್ತಿರುವವನ ಬಾಯಿಗೆ ಮೈಕ್ ಹಿಡಿಯುವ ಟಿವಿಯವಳು. ಎಲ್ಲರ ನಡುವೆ, ತೆರೆಯಲ್ಲಿ ಮುಳುಗೇಳುವ ಶೀನ ಚಿಕ್ಕಪ್ಪ: ‘ಹ್ವಾಯ್, ನನ್ ಮೊಬೈಲ್! ಯಾರಾರೂ ನನ್ ಮೊಬೈಲ್ ಹಿಡಿನಿ! ಹೆಂಡ್ತಿ ಫೋನ್ ಮಾಡಿರೆ ಯಾರ್ ಎತ್ತುದ್?’ ಇಲ್ಲಿ ಮಂಟಪ ಬಿದ್ದು ಬಿದ್ದು ನಗುತ್ತಿತ್ತು. ಒಂದು ಮದುವೆಯಲ್ಲಿ ಪುರೋಹಿತರೇ ತೊಡೆ ತಟ್ಟಿಕೊಂಡು ನಕ್ಕು, ಮುಹೂರ್ತ ತಪ್ಪುವುದರಲ್ಲಿತ್ತು.

ಚಿಕ್ಕಪ್ಪನೂ ಒಮ್ಮೆ ನೋಡಿದ್ದಾರೆ, ಸಂಬಂಧಿಕರ ಮದುವೆಯಲ್ಲಿ. ಮೂರನೇ ಸಾಲಿನಲ್ಲಿ ಕೂತಿದ್ದರು. ನಕ್ಕರು. ಎರಡು ಕೈ ಸೇರಿಸಿ ಚಪ್ಪಾಳೆ ತಟ್ಟುವುದು ಕಷ್ಟ ಎಂದು ಎಡಗೈಯಿಂದ ಕುರ್ಚಿ ತಟ್ಟಿದರು.

ಆ ಸೀಸನ್ನಿನಲ್ಲಿ ಅರವತ್ತಕ್ಕೂ ಹೆಚ್ಚು ಸಲ ‘ಅಳಿವೆ’ ಮಾಡಿದೆ. ಜನವರಿಯಿಂದಲೇ ಮೈ ಏನೋ ಹೇಳುತ್ತಿತ್ತು. ಕಾರ್ಯಕ್ರಮದ ಮರುದಿನ ಇಡೀ ದಿನ ನಿದ್ದೆ. ಎದ್ದರೂ ನಿದ್ದೆ ಮಾಡಿದ ಹಾಗಿಲ್ಲ. ಬಸ್ಸಿನಲ್ಲಿ ಹೆಮ್ಮಾಡಿಯಲ್ಲಿ ಇಳಿಯಬೇಕಾದವನು ಬೈಂದೂರಿನಲ್ಲಿ ಎಚ್ಚರವಾದೆ, ಅದೂ ಎರಡು ಸಲ. ಎರಡನೇ ಸಲ ಕಂಡಕ್ಟರು ಭುಜ ಅಲ್ಲಾಡಿಸಿದಾಗ, ಅವನದೇ ಸ್ವರದಲ್ಲಿ ‘ಇಳಿನಿ ಇಳಿನಿ, ಬೇಗ ಇಳಿನಿ’ ಎಂದು ಅವನಿಗೇ ಹೇಳಿ ಇಳಿದೆ. ನಗಿಸಿದೆನಲ್ಲ, ಮತ್ತೇನು ರೋಗ? ಯಾರದಾದರೂ ಬೈಕು ಮನೆಯ ಮುಂದೆ ಆಫ್ ಆದರೆ ಅಂಗೈ ಒದ್ದೆಯಾಗುತ್ತಿತ್ತು. ಸೆಕೆ ಎಂದುಕೊಂಡೆ. ಕರಾವಳಿಯಲ್ಲಿ ಯಾವ ಕಾಯಿಲೆಯನ್ನಾದರೂ ಸೆಕೆಯ ಲೆಕ್ಕಕ್ಕೆ ಹಾಕಬಹುದು.

ಬಿದ್ದ ಮರುದಿನ ಬೆಳಿಗ್ಗೆ ಎದ್ದು ಹಲ್ಲುಜ್ಜಿದೆ. ಉಜ್ಜಿದ ಆಯಾಸಕ್ಕೆ ಮಲಗಿದೆ.

ಇದು ಉತ್ಪ್ರೇಕ್ಷೆ ಅಲ್ಲ. ನನ್ನ ಬಾಯಿಂದ ಬಂದದ್ದನ್ನೆಲ್ಲ ಜನ ಉತ್ಪ್ರೇಕ್ಷೆ ಎಂದುಕೊಳ್ಳುತ್ತಾರೆ, ತಪ್ಪು ಅವರದಲ್ಲ. ಬಚ್ಚಲಿನಿಂದ ಚಾಪೆಗೆ ಹನ್ನೆರಡು ಹೆಜ್ಜೆ. ಅಷ್ಟು ದೂರ ನಡೆಯಲು ಎರಡು ಕಡೆ ಗೋಡೆ ಹಿಡಿದೆ. ತಲೆಗೆ ನೀರು ಹಾಕಿಕೊಳ್ಳಲು ಚೊಂಬು ಎತ್ತಿದ ಕೈ ನಡುವೆಯೇ ನಿಂತು ‘ಮತ್ತೆ ನೋಡುವ’ ಎಂದಿತು. ಜ್ವರ ಇಲ್ಲ, ನೋವಿಲ್ಲ. ಯಾರೋ ತೇಲಿಸುವ ಬೆಂಡು ಕಿತ್ತ ಬಲೆಯ ಹಾಗೆ ಮೈ ತನ್ನ ಭಾರಕ್ಕೆ ತಾನೇ ಮುಳುಗುತ್ತಿತ್ತು. ನೆರೆಮನೆಯ ಅಜ್ಜ ನೋಡಲು ಬಂದಾಗ, ರೂಢಿಯಂತೆ ಅವರ ಕೆಮ್ಮು ಮಾಡಿ ತೋರಿಸಲು ಹೋದೆ. ಕೆಮ್ಮು ಬರಲಿಲ್ಲ. ಅಜ್ಜ ಕಾದು ಕೂತು, ಕೊನೆಗೆ ತಾವೇ ಕೆಮ್ಮಿ ಎದ್ದು ಹೋದರು.

ಅಬ್ಬಿ, ಅಂದರೆ ನನ್ನ ಅಮ್ಮ, ಮೀನು ಮಾರುವವಳು. ತಲೆಯ ಮೇಲೆ ಬುಟ್ಟಿ ಹೊತ್ತು ನಡೆದು ಗಟ್ಟಿಯಾದವಳು, ಸುಸ್ತು ಎಂಬ ಶಬ್ದವನ್ನೇ ಬಳಸುವುದಿಲ್ಲ. ಒಂದು ವಾರ ನೋಡಿದಳು. ಆಮೇಲೆ ನನ್ನನ್ನು ರಿಕ್ಷಾಕ್ಕೆ ಹತ್ತಿಸಿ ಕುಂದಾಪುರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬ್ಲಡ್ ಟೆಸ್ಟ್, ಥೈರಾಯ್ಡ್, ಬಿ-ಟ್ವೆಲ್ವ್, ಶುಗರ್, ಇಸಿಜಿ. ಮೂರು ದಿನದ ನಂತರ ಡಾಕ್ಟರು ಕಾಗದಗಳನ್ನೆಲ್ಲ ತಿರುವಿ, ‘ಎಲ್ಲ ನಾರ್ಮಲ್ ಇದೆ’ ಎಂದರು.

‘ನಾರ್ಮಲ್ಲಾ?’ ಎಂದಳು ಅಬ್ಬಿ. ‘ಇವ ಹುಟ್ಟಿದ್ ಮೇಲೆ ಒಂದ್ ದಿನವೂ ನಾರ್ಮಲ್ ಇದ್ದದ್ ನಾ ಕಾಣ್ಲಿಲ್ಲೆ ಡಾಕ್ಟ್ರೆ. ಇನ್ನೊಂದ್ ಸಲ ಸಮಾ ಕಾಣಿ.’

ಡಾಕ್ಟರು ನಕ್ಕರು. ನಗುತ್ತಲೇ ಕೇಳಿದರು, ಇತ್ತೀಚೆಗೆ ಆಕ್ಸಿಡೆಂಟ್, ಆಘಾತ, ಅಂಥದ್ದೇನಾದರೂ ಆಗಿತ್ತಾ ಎಂದು. ನಾನು ಇಲ್ಲ ಎಂದೆ. ಅಬ್ಬಿ ಹೌದು ಎಂದಳು. ಇಬ್ಬರೂ ಒಟ್ಟಿಗೆ ಹೇಳಿದ್ದು. ಡಾಕ್ಟರು ನನ್ನನ್ನು ಬಿಟ್ಟು ಅಬ್ಬಿಯ ಕಡೆ ತಿರುಗಿ ಕೂತರು. ಹೊರಡುವಾಗ ಬ್ರಹ್ಮಾವರದಲ್ಲಿ ಕೂರುವ ಒಬ್ಬ ಸೈಕಿಯಾಟ್ರಿಸ್ಟ್ ಹೆಸರು ಬರೆದು ಕೊಟ್ಟರು.

ಅಬ್ಬಿ ಕೇರಿಯಲ್ಲಿ ‘ನರದ ಡಾಕ್ಟ್ರಿಗ್ ತೋರ್ಸುಕಿತ್’ ಎಂದು ಹೇಳಿದಳು. ಅದಕ್ಕೂ ಮೊದಲು ಹಟ್ಟಿಯಂಗಡಿಗೆ ಹೋಗಿ ಗಣಪತಿಗೆ ಹರಕೆ ಹೇಳಿ ಬಂದಳು, ನನ್ನ ಕೈಗೆ ಕಪ್ಪು ನೂಲೂ ಬಂತು. ಯಾವ ಬಾಗಿಲನ್ನೂ ಬಡಿಯದೆ ಬಿಡುವ ಹೆಂಗಸಲ್ಲ ಅವಳು. ಮೀನು ಮಾರಿದ ಅಭ್ಯಾಸ.

ಬ್ರಹ್ಮಾವರದ ಮೇಡಂ ನಡುವಯಸ್ಸಿನವರು. ಸಣ್ಣ ರೂಮು, ಒಂದು ಫ್ಯಾನು, ಕಿಟಕಿಯಾಚೆ ಹೈವೇ. ‘ಅವತ್ತು ಅಳಿವೆಯಲ್ಲಿ ಏನಾಯಿತು, ಹೇಳಿ’ ಎಂದರು.

ಹೇಳು ಎಂದರೆ ನನಗೆ ಗೊತ್ತಿರುವುದು ಒಂದೇ ರೀತಿ. ಕುರ್ಚಿಯಲ್ಲಿ ಕೂತಲ್ಲೇ ಐಟಂ ಶುರು ಮಾಡಿಬಿಟ್ಟೆ. ತಗ್ಗಿದ ಸ್ವರದಲ್ಲಿ, ಇಂಜಿನ್, ತೆರೆ, ಹೆಂಗಸರು, ಮೊಬೈಲ್. ಮೇಡಂ ನಗಲಿಲ್ಲ. ಮೊಬೈಲಿಗೂ ನಗಲಿಲ್ಲ. ಮಂಟಪದ ಹೊರಗೆ ಚಪ್ಪಲಿ ಕಾಯುವವನನ್ನೂ ನಗಿಸಿದ ಜೋಕು ಅದು. ಇವರಿಗೆ ಹಾಸ್ಯಪ್ರಜ್ಞೆ ಇಲ್ಲ ಎಂದುಕೊಂಡೆ. ಮುಗಿದ ಮೇಲೆ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. ಪಲ್ಸ್ ಓಡುತ್ತಿತ್ತು. ಪ್ಯಾಂಟಿನ ಮೇಲೆ ನನ್ನ ಎರಡು ಅಂಗೈಗಳ ಗುರುತು ಒದ್ದೆಯಾಗಿ ಕೂತಿತ್ತು.

‘ಎಷ್ಟು ಸಲ ಮಾಡಿದ್ದೀರಿ ಇದನ್ನು?’

‘ಅರವತ್ತಕ್ಕೂ ಜಾಸ್ತಿ ಮೇಡಂ.’

‘ಅಷ್ಟು ಸಲ ದೋಣಿ ಮಗುಚಿದೆ,’ ಎಂದರು. ‘ಇದು ಕಾಮಿಡಿ ಅಂತ ನಿಮ್ಮ ತಲೆಗೆ ಗೊತ್ತು. ಕೈಕಾಲಿಗೆ ಯಾರೂ ಹೇಳಿಲ್ಲ.’

ಒಳ್ಳೆಯ ಟೈಮಿಂಗ್ ಇರುವ ಮನುಷ್ಯರು ಎನಿಸಿತು.

ಟ್ರಾಮಾ, ಟ್ರಿಗರ್ ಎಂಬ ಮಾತುಗಳನ್ನು ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಒಂದು ಸದ್ದು, ಒಂದು ವಾಸನೆ ಹಳೆಯ ಅಪಾಯವನ್ನು ಮತ್ತೆ ಮೈಗೆ ತರುತ್ತದೆ. ಮೈ ಓಡಲು, ಈಜಲು ಸಜ್ಜಾಗುತ್ತದೆ. ಪದೇ ಪದೇ ಹಾಗಾದರೆ ಇದ್ದ ಶಕ್ತಿಯೆಲ್ಲ ಸಜ್ಜಾಗುವುದರಲ್ಲೇ ಮುಗಿಯುತ್ತದೆ. ಬೇರೆಯವರಿಗೆ ಅದು ದಾರಿಯಲ್ಲಿ ಅಕಸ್ಮಾತ್ತಾಗಿ ಎದುರಾಗುತ್ತದಂತೆ. ನಾನು ಅದಕ್ಕೆ ಡೇಟ್ ಕೊಟ್ಟು, ಮೈಕ್ ಟೆಸ್ಟ್ ಮಾಡಿ, ‘ಹಲೋ ಹಲೋ’ ಎಂದು ಕರೆದು ಕೂರಿಸುತ್ತಿದ್ದೆ. ಆರು ತಿಂಗಳು.

ನಿದ್ದೆಗೊಂದು ಸಣ್ಣ ಮಾತ್ರೆ, ಹದಿನೈದು ದಿನಕ್ಕೊಮ್ಮೆ ಮಾತುಕತೆ. ‘ಅಳಿವೆ’ ಬಂದ್. ಮತ್ತೆ ಒಂದು ವಿಚಿತ್ರ ನಿಯಮ: ‘ಆಗುತ್ತದೆ ಅನಿಸಿದ್ದರಲ್ಲಿ ಅರ್ಧ ಮಾತ್ರ ಮಾಡಿ. ತುಂಬ ಚೆನ್ನಾಗಿದೆ ಅನಿಸಿದ ದಿನ ಇನ್ನೂ ಕಡಿಮೆ.’ ಸಮುದ್ರದ ಸದ್ದಿನಿಂದ ಸ್ವಲ್ಪ ದಿನ ದೂರ ಇರಲು ಸಾಧ್ಯವಾ ಎಂದು ಅಬ್ಬಿಯನ್ನು ಕೇಳಿದರು. ಅಬ್ಬಿ ತಲೆಯಾಡಿಸಿದಳು. ‘ಬೋಟಿಗೂ ಮಳ್ಗಾಲ್ದಲ್ಲ್ ಎರಡ್ ತಿಂಗ್ಳ್ ರಜೆ ಇತ್. ಇವ್ನಿಗೂ ಇರ್ಲಿ.’

ಹಾಗೆ ಜೂನ್ ಮೊದಲ ವಾರ ಯಡ್ತರೆಯ ಅಕ್ಕನ ಮನೆಗೆ ಬಂದೆ. ಬಾವ ಬೈಂದೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾರೆ. ಮದುವೆಗಳಲ್ಲಿ ನಾವಿಬ್ಬರೂ ಅಕ್ಕಪಕ್ಕ ದುಡಿದವರು. ಅವರು ಜನರನ್ನು ನಗಿ ಎಂದು ಬೇಡುತ್ತಾರೆ, ನಾನು ಬೇಡದೆ ನಗಿಸುತ್ತೇನೆ ಎಂದು ಯಾವಾಗಲೂ ಕೆಣಕುತ್ತಿದ್ದೆ. ಆ ಮನೆಯಲ್ಲಿ ಸಮುದ್ರ ಕೇಳುವುದಿಲ್ಲ. ಮಳೆ ಕೇಳುತ್ತದೆ, ಕಪ್ಪೆ ಕೇಳುತ್ತದೆ, ಅಕ್ಕ ಕೇಳುತ್ತಾಳೆ.

‘ಹ್ವಾಯ್ ಕಲಾವಿದ್ರೆ, ಚಾ ಅಲ್ಲಿಗೇ ತರ್ಕಾ, ಅಲ್ಲ ಸ್ಟೇಜಿಗ್ ಬತ್ರಿಯಾ?’ ಎಂದು ಅಡುಗೆಮನೆಯಿಂದ ಕೂಗುವಳು.

ಸ್ಟೇಜ್ ಎಂದರೆ ಜಗಲಿ. ಚಾಪೆಯಿಂದ ಜಗಲಿಗೆ ಬರುವುದೇ ಮೊದಲ ಎರಡು ವಾರದ ನನ್ನ ಕಾರ್ಯಕ್ರಮ. ಮೂರನೇ ವಾರ ಅಂಗಳದ ಗೇಟು. ಆಮೇಲೆ ರಸ್ತೆಯ ಮೋರಿಯ ಕಟ್ಟೆ. ಹೋಗುವುದಕ್ಕಿಂತ ಮರಳಿ ಬರುವುದಕ್ಕೆ ಶಕ್ತಿ ಉಳಿಸಿಕೊಳ್ಳಬೇಕು ಎಂಬುದನ್ನು ದೋಣಿಗೆ ಹೋಗುವ ಮನೆಯಲ್ಲಿ ಹುಟ್ಟಿಯೂ ನಾನು ಯಡ್ತರೆಯಲ್ಲಿ ಕಲಿತೆ. ನಿದ್ದೆಯಿಂದ ದಣಿವು ಹೋಗದಿದ್ದರೆ ಬಹಳ ಗಾಬರಿಯಾಗುತ್ತದೆ. ಹಸಿವಾದಾಗ ಉಂಡರೂ ಹೊಟ್ಟೆ ತುಂಬದಿದ್ದರೆ ಹೇಗೋ ಹಾಗೆ. ಜನ ‘ಚಂದ ಮಾಡಿ ರೆಸ್ಟ್ ಮಾಡ್’ ಎನ್ನುತ್ತಾರೆ. ಚಂದ ಮಾಡಿಯೇ ಮಾಡುತ್ತಿದ್ದೆ. ಏಳುವಾಗ ಹಿಂದಿನ ದಿನದ ಭಾರವೇ ತಲೆದಿಂಬಿನ ಪಕ್ಕ ಕಾದು ಕೂತಿರುತ್ತಿತ್ತು.

ಒಂದು ವಿಷಯ ನಾನು ಜುಲೈ ತನಕ ಗಮನಿಸಿರಲಿಲ್ಲ. ಬಾವನ ಬೈಕು ಮನೆಯ ಹತ್ತಿರ ಆಫ್ ಆಗುತ್ತಲೇ ಇರಲಿಲ್ಲ. ಮೊದಲು, ಬೈಕು ಹಾಳಾಗಿ ಬಸ್ಸಿನಲ್ಲಿ ಬರುತ್ತಾರೆ ಎಂದುಕೊಂಡಿದ್ದೆ. ಮೋರಿಯ ತನಕ ನಡೆದ ದಿನ ಕಂಡೆ. ಬಾವ ಮೋರಿಯಾಚೆಗೇ ಇಂಜಿನ್ ನಿಲ್ಲಿಸಿ, ಮಳೆಯಲ್ಲಿ, ರೈನ್‌ಕೋಟಿನೊಳಗೆ ಬೆವರುತ್ತಾ, ಏರು ದಾರಿಯಲ್ಲಿ ಬೈಕು ತಳ್ಳಿಕೊಂಡು ಬರುತ್ತಿದ್ದರು. ನನ್ನನ್ನು ನೋಡಿ ಕಳ್ಳನ ಹಾಗೆ ನಿಂತರು.

‘ಪೆಟ್ರೋಲ್ ಖಾಲಿ,’ ಎಂದರು.

‘ಒಂದ್ ತಿಂಗ್ಳಿಂದಲಾ ಬಾವ?’

‘ಹೊಟ್ಟೆ ಇಳ್ಸುಕೆ ಮಾರಾಯ. ನಿನ್ನ ಅಕ್ಕನ್ ಅಡ್ಗೆ ತಿಂದ್ ಕಾಣ್.’

ನಾನು ನಗಬೇಕಿತ್ತು. ಮೋರಿಯ ಮೇಲೆ ಕೂತು ಅತ್ತೆ.

ಅದರ ಮರುವಾರ ನಾನೊಂದು ತಪ್ಪು ಮಾಡಿದೆ. ದಿನೇಶ ಫೋನ್ ಮಾಡಿದ್ದ. ನವೆಂಬರಿಗೆ ಬ್ರಹ್ಮಾವರದಲ್ಲಿ ಒಂದು ದೊಡ್ಡ ಮದುವೆ, ಅವರಿಗೆ ‘ಅಳಿವೆ’ ಬೇಕೇ ಬೇಕು. ನಾನು, ಅದು ಬಂದ್ ಎಂದೆ. ದಿನೇಶ ಒಳ್ಳೆಯವನು, ಒತ್ತಾಯ ಮಾಡಲಿಲ್ಲ. ಒಂದೇ ಮಾತು ಕೇಳಿದ. ‘ಅಳಿವೆ ಇಲ್ದಿದ್ರೆ ನಮ್ನ್ ಎಂತಕ್ ಕರೀತ್ರಾ?’

ಆ ಪ್ರಶ್ನೆ ಮೂರು ದಿನ ತಲೆಯಲ್ಲಿ ಕೂತಿತ್ತು. ನಾಲ್ಕನೇ ದಿನ ಮೈ ಹಗುರವಿತ್ತು. ಮಳೆ ಬಿಟ್ಟಿತ್ತು, ಎರಡು ಕಡುಬು ಹೆಚ್ಚು ತಿಂದಿದ್ದೆ. ‘ತುಂಬ ಚೆನ್ನಾಗಿದೆ ಅನಿಸಿದ ದಿನ ಇನ್ನೂ ಕಡಿಮೆ’ ಎಂಬ ಮಾತು ನೆನಪಿತ್ತು. ಆದರೂ ಬಚ್ಚಲುಮನೆಯ ಬಾಗಿಲು ಹಾಕಿ, ನಲ್ಲಿ ಬಿಟ್ಟು, ಸ್ವರ ಇನ್ನೂ ಇದೆಯೋ ನೋಡುವ ಎಂದು ಮೆಲ್ಲಗೆ ಇಂಜಿನ್ ಶುರು ಮಾಡಿದೆ. ಚೆನ್ನಾಗಿಯೇ ಬಂತು. ಕೆಮ್ಮಿತು. ನಿಂತಿತು.

ಅಕ್ಕ ಬಾಗಿಲು ತಳ್ಳಿದಾಗ ನಾನು ಮೂಲೆಯಲ್ಲಿ ಕೂತಿದ್ದೆನಂತೆ, ಖಾಲಿ ಬಕೆಟ್ಟೊಂದನ್ನು ತಬ್ಬಿಕೊಂಡು. ನಲ್ಲಿ ನೀರು ಹೊಸಿಲು ದಾಟಿ ಹೊರಗೆ ಬಂದಿತ್ತು. ಅವಳು ಕರೆದರೆ ಮಾತಾಡಲಿಲ್ಲವಂತೆ.

ಮತ್ತೆ ಚಾಪೆ. ಒಂದು ತಿಂಗಳಲ್ಲಿ ನಡೆದ ದಾರಿ ಒಂದು ಬೆಳಿಗ್ಗೆಯಲ್ಲಿ ವಾಪಸು. ಆ ವಾರ ನನಗೆ ಸರಿಯಾಗಿ ಭಯವಾದದ್ದು. ಇನ್ನು ಗುಣವಾಗುವುದೇ ಇಲ್ಲವೇನೋ ಎಂಬ ಭಯ. ನನ್ನ ಸ್ವರಗಳೇ ನನಗೆ ಆಗದ ಮೇಲೆ, ಮತ್ತೆ ಉಳಿಯುವುದು ಎಂತದು?

ಅಬ್ಬಿ ಸುದ್ದಿ ಕೇಳಿ ಬಸ್ಸು ಹಿಡಿದು ಬಂದಳು. ಬರಿಗೈಯಲ್ಲಿ ಬರುವವಳಲ್ಲ, ಬಂಗ್ಡೆ ತಂದಿದ್ದಳು. ಹಿತ್ತಿಲ ಕಲ್ಲಿನ ಮೇಲೆ ಕೂತು ಕೊಯ್ಯತೊಡಗಿದಳು. ಎರಡು ಬೆಕ್ಕು ಮತ್ತು ನಾನು ಎದುರಿಗೆ ಕೂತೆವು. ಮೀನಿನಿಂದ ತಲೆ ಎತ್ತದೆ ಕೇಳಿದಳು.

‘ಮಗಾ, ನಿನ್ ಆ ಐಟಮ್ಮಲ್ಲ್ ಎಲ್ಲರ್ ಸ್ವರವೂ ಇತ್. ಬುಟ್ಟಿ ಹೆಂಗಸ್ರ್ ಸ್ವರ ಇತ್, ಟಿವಿಯವ್ಳದ್ ಇತ್, ನಾಯಿ ಕೂಗುದೂ ಇತ್. ನಿಂದ್ ಎಲ್ಲಿತ್?’

‘ನಂದಾ?’

‘ಹ್ಞಾ. ನೀ ದೋಣಿಯಲ್ಲ್ ಇರ್ಲಿಲ್ಯಾ?’

ಬೆಕ್ಕು ಒಂದು ತಲೆ ಕಚ್ಚಿಕೊಂಡು ಓಡಿತು. ಅಬ್ಬಿ ಬೈಯಲಿಲ್ಲ. ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

ಆಗ ಹೇಳಿದೆ. ಒಂದು ವರ್ಷದಲ್ಲಿ ಮೊದಲ ಬಾರಿಗೆ, ಯಾರ ಸ್ವರವನ್ನೂ ಮಾಡದೆ.

ಚಿಕ್ಕಪ್ಪ ಮೊಬೈಲ್ ಎಂದು ಕೂಗಿರಲಿಲ್ಲ. ಅವರ ಮೊಬೈಲ್ ಅವತ್ತು ದೋಣಿಯಲ್ಲಿ ಇರಲೇ ಇಲ್ಲ. ಅವರು ಕೂಗಿದ್ದು ನನ್ನ ಹೆಸರು. ದಡದ ಕಡೆ ಅರ್ಧ ಈಜಿದ್ದವರು ತಿರುಗಿ ‘ರಘೂ’ ಎಂದರು. ಮಬ್ಬು, ಏನೂ ಕಾಣುತ್ತಿರಲಿಲ್ಲ. ನನಗೆ ಕೇಳಿತು. ತೀರಾ ಹತ್ತಿರದಿಂದ ಕೇಳಿದ ಹಾಗೆ ಕೇಳಿತು. ನಮ್ಮ ಅಜ್ಜಿ ಹೇಳುತ್ತಿದ್ದಳು, ಮಬ್ಬಿನಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲನೇ ಸಲಕ್ಕೆ ಓಗೊಡಬಾರದು, ಎರಡನೇ ಸಲಕ್ಕೂ ಬೇಡ. ಮನುಷ್ಯರಾದರೆ ಮೂರನೇ ಸಲ ಕರೆಯುತ್ತಾರೆ, ಆಗ ಓ ಅನ್ನಬೇಕು. ಚಿಕ್ಕಪ್ಪ ಮೂರು ಸಲ ಕರೆದರು. ನಲವತ್ತು ಸ್ವರ ಇಟ್ಟುಕೊಂಡವನ ಬಾಯಲ್ಲಿ ಮೂರನೇ ಸಲಕ್ಕೂ ಒಂದು ಓ ಬರಲಿಲ್ಲ. ಕ್ಯಾನ್ ತಬ್ಬಿ ಹಲ್ಲು ಕಚ್ಚಿ ಸುಮ್ಮನಿದ್ದೆ. ಅವರು ನನ್ನನ್ನು ಹುಡುಕುತ್ತಾ ತೆರೆಯೊಳಗೆ ವಾಪಸು ಬಂದರು. ಮಗುಚಿದ ದೋಣಿ ಅವರ ಹೆಗಲಿಗೆ ಬಡಿಯಿತು.

ನಾನೊಂದು ಓ ಅಂದಿದ್ದರೆ ಅವರ ಕೈ ಉಳಿಯುತ್ತಿತ್ತು.

ಅದನ್ನು ಮುಚ್ಚಲು ಒಂದು ಮೊಬೈಲ್ ಬೇಕಾಯಿತು. ಆ ಮೊಬೈಲಿಗೆ ಊರು ನಕ್ಕಷ್ಟು ಸಲ, ನಾನು ಒಳಗೆ ಆ ಮೂರು ಕರೆ ಕೇಳಿಸಿಕೊಂಡೆ.

ಅಬ್ಬಿ ಕತ್ತಿ ಕೆಳಗಿಟ್ಟಳು. ಮೀನಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಅದೇ ಕೈಯನ್ನು ನನ್ನ ತಲೆಯ ಮೇಲೆ ಇಟ್ಟಳು. ‘ಇದನ್ ನಂಗ್ ಹೇಳಿ ಪ್ರಯೋಜ್ನ ಇಲ್ಲೆ ಮಗಾ,’ ಎಂದಳು. ‘ಹೇಳ್ಕಾದವ್ರಿಗ್ ಹೇಳ್. ಏಳು, ತಲೆಗ್ ನೀರ್ ಹಾಕೋ. ಮೀನ್ ವಾಸ್ನೆ.’

ಮುಂದಿನ ಭೇಟಿಯಲ್ಲಿ ಬ್ರಹ್ಮಾವರದ ಮೇಡಂ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿದರು, ಮೀನಿನ ವಾಸನೆ ಒಂದನ್ನು ಬಿಟ್ಟು. ಅಪಾಯದಲ್ಲಿ ಕೆಲವರ ಮೈ ಓಡುತ್ತದೆ, ಕೆಲವರದು ಕಲ್ಲಾಗುತ್ತದೆ, ಯಾವುದಾಗಬೇಕೆಂದು ಯಾರೂ ಆರಿಸಿಕೊಳ್ಳುವುದಿಲ್ಲ ಎಂದರು. ನಂಬಲು ಪ್ರಯತ್ನಿಸಿದೆ. ತಲೆ ನಂಬಿತು. ಕೈಕಾಲಿಗೆ ಹೇಳುವವರು ಬೇರೆ ಇದ್ದರು.

ಆದರೂ ಚಿಕ್ಕಪ್ಪನ ಹತ್ತಿರ ಹೋಗಲು ಸೆಪ್ಟೆಂಬರ್ ಆಯಿತು. ಶಕ್ತಿ ಇರಲಿಲ್ಲ ಎಂಬುದು ಅರ್ಧ ಸತ್ಯ. ಬಾವ ಸ್ಟುಡಿಯೋಕ್ಕೆ ರಜೆ ಹಾಕಿ ನನ್ನನ್ನು ಊರಿಗೆ ಬಿಟ್ಟರು. ಶೆಡ್ಡಿನಲ್ಲಿ ಚಿಕ್ಕಪ್ಪ ಒಬ್ಬರೇ ಇದ್ದರು. ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಎಳೆದು ಹಿಡಿದು, ಎಡಗೈಯಲ್ಲಿ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು. ಎಡಗೈಗೆ ಆ ಕೆಲಸ ಕಲಿಸಲು ಅವರಿಗೆ ಎಷ್ಟು ತಿಂಗಳು ಬೇಕಾಯಿತೋ, ಆ ತಿಂಗಳುಗಳಲ್ಲೇ ನಾನು ಮಂಟಪಗಳಲ್ಲಿ ಅವರ ಸ್ವರ ಮಾಡುತ್ತಿದ್ದೆ.

‘ಬಾ ಬಾ, ದೊಡ್ ಮನ್ಷಾ,’ ಎಂದರು. ‘ಬೊಜ್ಜ್ ಬಂದಿತಲ್ಲ. ರೋಗ ಒಳ್ಳೇದೇ ಕಾಣ್ತ್.’

ಕೂತೆ.

‘ಚಿಕ್ಕಪ್ಪಯ್ಯ, ಅವತ್ತ್ ನೀವ್ ಕರ್ದದ್ದ್ ನಂಗ್ ಕೇಂಡಿತ್ತ್.’

ಅವರ ಕೈ ನಿಲ್ಲಲಿಲ್ಲ.

‘ಮೂರ್ ಸಲವೂ ಕೇಂಡಿತ್ತ್. ಓ ಅಂಬುಕೆ ಆಯ್ಲಿಲ್ಲೆ. ಅಂದಿದ್ರೆ ನೀವ್ ತಿರ್ಗ್ ಬತ್ತಿರ್ಲಿಲ್ಲ. ನಿಮ್ ಕೈ...’

‘ಥೋ,’ ಎಂದರು. ಈಗ ಕೈ ನಿಂತಿತು. ‘ಓ ಅಂದಿದ್ರೆ ಬತ್ತಿರ್ಲಿಲ್ಲ ಅಂದ್ಕಂಡ್ಯಾ? ಓ ಅಂದಿದ್ರೂ ಬತ್ತಿದ್ದೆ ಮಾರಾಯ. ಇನ್ನೂ ಬೇಗ ಬತ್ತಿದ್ದೆ. ನಿನ್ನ್ ನೀರಲ್ಲ್ ಬಿಟ್ಟ್ ನಾ ಒಬ್ನೇ ಮನಿಗ್ ಹೋದ್ರೆ ನಿನ್ನಬ್ಬಿ ನನ್ನ್ ಬಂಗ್ಡೆ ಕೊಯ್ದಂಗ್ ಕೊಯ್ತಿದ್ಲ್.’

ನಾನು ಅವರ ಮುಖ ನೋಡಿದೆ. ತಮಾಷೆ ಮಾಡುವಾಗ ಅವರ ಎಡ ಹುಬ್ಬು ಏಳುತ್ತದೆ. ಅದನ್ನು ನಾನು ಸ್ಟೇಜಿನ ಮೇಲೆ ಮಾಡಿ ತೋರಿಸಿದವನು, ನನಗೆ ಗೊತ್ತು. ಹುಬ್ಬು ಎದ್ದಿರಲಿಲ್ಲ.

ಇಡೀ ಒಂದು ವರ್ಷ ಈ ಲೆಕ್ಕವನ್ನು ನಾನು ತಪ್ಪಾಗಿ ಮಾಡಿದ್ದೆ. ಅವರು ಬಂದದ್ದು ನನ್ನ ಮೌನಕ್ಕೆ ಎಂದುಕೊಂಡಿದ್ದೆ. ಅವರು ನನಗೇ ಬಂದಿದ್ದರು.

ಚಿಕ್ಕಪ್ಪ ಮತ್ತೆ ಬಲೆ ಹಿಡಿದರು. ಒಂದು ಕಣ್ಣು ಹೆಣೆದು ಹೇಳಿದರು. ‘ಆದ್ರೆ ಆ ಮೊಬೈಲಿಂದ್ ಹನಿ ಬೇಜಾರ್ ಆಯ್ತ್ ಮಗಾ. ನಂದ್ ಮೊಬೈಲ್ ಮನಿಯಲ್ಲ್ ಚಾರ್ಜಿಗಿತ್ತ್. ಈಗ್ಳೂ ಪೇಟೆಗ್ ಹೋದ್ರೆ ಕೇಂತ್ರ್, ಎಂತ ಶೀನಣ್ಣ, ಮೊಬೈಲ್ ಸಿಕ್ತಾ ಅಂದ್ಹೇಳಿ. ನಾನೂ ನೆಗಾಡ್ತೆ. ಎಂತ ಮಾಡುದ್?’

‘ತಪ್ಪಾಯ್ತ್ ಚಿಕ್ಕಪ್ಪಯ್ಯ.’

‘ಆಯ್ತಲ್ಲ. ಆ ತುದಿ ಹಿಡಿ. ಸಮಾ ಎಳ್ದ್ ಹಿಡಿ, ನಿದ್ದಿ ಮಾಡ್ಬೇಡ.’

ಹಿಡಿದೆ. ಹತ್ತು ನಿಮಿಷ ಆಯಿತು, ಇನ್ನೂ ಹತ್ತು ಹಿಡಿಯಬಹುದು ಎನಿಸಿತು. ಅರ್ಧಕ್ಕೆ ನಿಲ್ಲಿಸಬೇಕು ಎಂಬ ನಿಯಮ ನೆನಪಿಸಿಕೊಂಡು, ಅವರ ಅಪ್ಪಣೆ ಕೇಳಿ, ಬಿಟ್ಟೆ. ನಿಯಮ ಪಾಲಿಸಿದ್ದು ಬಹುಶಃ ಅದೇ ಮೊದಲು.

ಈಗ ಡಿಸೆಂಬರ್, ಊರಿನ ಮನೆಯಲ್ಲೇ ಇದ್ದೇನೆ. ಗುಣವಾದೆ ಎಂದು ಹೇಳುವ ಧೈರ್ಯ ಇಲ್ಲ. ವಾರಕ್ಕೊಂದೇ ಕಾರ್ಯಕ್ರಮ, ಇಪ್ಪತ್ತು ನಿಮಿಷ, ಕುರ್ಚಿಯಲ್ಲಿ ಕೂತು. ಮರುದಿನ ರಜೆ. ಬ್ರಹ್ಮಾವರದ ಆ ಮದುವೆಯವರು ‘ಅಳಿವೆ’ ಇಲ್ಲ ಎಂದ ಮೇಲೆ ಬೇರೆಯವರನ್ನು ಕರೆದರು. ದಿನೇಶ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೇ ದಿನ ಅವನ ಊದಿದ ಮುಖವನ್ನು ನಾನು ಮಾಡಿ ತೋರಿಸಿದೆ, ನಕ್ಕುಬಿಟ್ಟ. ಮಾತ್ರೆ ಇನ್ನೂ ಇದೆ, ಅರ್ಧ. ಕೆಲವು ಬೆಳಿಗ್ಗೆಗಳಲ್ಲಿ ಆ ಹಳೆಯ ಭಾರ ಬಂದು ಪಕ್ಕದಲ್ಲಿ ಕೂರುತ್ತದೆ. ‘ಓಹೋ ಬನಿ, ಕೂಕಣಿ’ ಎಂದು ಹೆಡ್ಮಾಸ್ಟರ ಸ್ವರದಲ್ಲಿ ಸ್ವಾಗತ ಮಾಡಿ ಇನ್ನರ್ಧ ಗಂಟೆ ಮಲಗುತ್ತೇನೆ. ಬಾವನಿಗೆ, ಇನ್ನು ಬೈಕು ಮನೆಯ ಮುಂದೆಯೇ ನಿಲ್ಲಿಸಿ ಎಂದು ಹೇಳಿದ್ದೇನೆ. ಅಕ್ಕ ಹೇಳುತ್ತಾಳೆ, ನಾನು ಅಲ್ಲಿಗೆ ಹೋದ ದಿನ ಮಾತ್ರ ಈಗಲೂ ಮೋರಿಯಿಂದ ತಳ್ಳಿಕೊಂಡೇ ಬರುತ್ತಾರಂತೆ.

ಇಂಜಿನ್ ನಿಲ್ಲುವ ಸದ್ದನ್ನು ನಾನು ಮತ್ತೆ ಮಾಡಿಲ್ಲ.

ಹೋದ ವಾರ ಬೆಳಿಗ್ಗೆ ಮನೆಯ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ. ಹೊಳೆಯ ಮೇಲೆಲ್ಲ ಮಬ್ಬು. ಶೆಡ್ಡಿನ ಕಡೆಯಿಂದ ಚಿಕ್ಕಪ್ಪ ಕರೆದರು.

‘ರಘೂ...’

ಬೆನ್ನು ತಣ್ಣಗಾಯಿತು. ಬಾಯಿ ತುಂಬ ಪೇಸ್ಟು. ಅಜ್ಜಿಯ ಲೆಕ್ಕದಲ್ಲಿ ಇನ್ನೂ ಎರಡು ಕರೆ ಕಾಯಬಹುದಿತ್ತು. ಉಗಿದು, ಓ ಎಂದೆ. ಸಣ್ಣಗೆ ಬಂತು. ಅವರಿಗೆ ಕೇಳಿರಲಿಕ್ಕಿಲ್ಲ ಎಂದು ಇನ್ನೊಮ್ಮೆ, ಹೊಟ್ಟೆಯಿಂದ, ಓ ಎಂದೆ.

ಮಬ್ಬಿನಾಚೆಯಿಂದ ಉತ್ತರ ಬಂತು.

‘ಯಾರ್ ಸ್ವರ ಮಾರಾಯ ಅದ್? ಗುರ್ತೇ ಸಿಕ್ಲಿಲ್ಲೆ!’

‘ನಂದೇ ಚಿಕ್ಕಪ್ಪಯ್ಯ,’ ಎಂದೆ. ‘ಎಂತ ಆಯ್ಕಿತ್ತ್?’

‘ಎಂತ ಇಲ್ಲೆ. ಇಲ್ಲಿಗ್ ಬಪ್ಪತಿಗೆ ಚಾ ತಕಂಡ್ ಬಾ.’